ಮೆಕ್‌ನೀಶರ ಕಚೇರಿಯ ಹೊಸ್ತಿಲು

ಬಾಗಿಲ ಗಂಟೆ ಒತ್ತಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಕೈಗಳು ಕೋಟಿನ ಜೇಬಿನಲ್ಲಿ ಇರಬಾರದು. ಅಡ್ಡದಾರಿ ಎಂದು ಹುಲ್ಲಿನ ಮೇಲೆ ನಡೆಯಬಾರದು, ಯಾಕೆಂದರೆ ಕಿಟಕಿಯಿಂದ ಯಾರಾದರೂ ನೋಡುತ್ತಲೇ ಇರುತ್ತಾರೆ, ಅವರಿಗೆ ನಿಮ್ಮ ಪಕ್ಷಕ್ಕಿಂತ ತಮ್ಮ ಹುಲ್ಲು ಮುಖ್ಯ. ಒಳಗೆ ಬನ್ನಿ ಎಂದರೆ ಒಮ್ಮೆ ಬೇಡ ಎನ್ನಬೇಕು, ಮತ್ತೆ ಕರೆದರೆ ಮಾತ್ರ ಹೋಗಬೇಕು. ರಾಜಕೀಯದಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಇಷ್ಟೇ.

ಇದನ್ನೆಲ್ಲ ಬರೆಯಲು ಕಾರಣ ಅನನ್ಯ. ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಬಡಾವಣೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳಿಗೆ ಶಾಸಕರೊಬ್ಬರ ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ಹೋದ ವಾರ ಅವಳಮ್ಮ ರೂಪಾ ಜೊತೆ ಮನೆಗೆ ಬಂದು, "ಆಂಟಿ, ವಾಟ್ ಡಿಡ್ ಯೂ ಆಕ್ಚುಯಲಿ ಡೂ ಆಲ್ ಡೇ?" ಎಂದು ಕೇಳಿದಳು. ದಿನವೆಲ್ಲ ಏನು ಮಾಡುತ್ತಿದ್ದೆ ಎಂದು ಥಟ್ಟನೆ ಹೇಳಲಾಗದೆ ಚಕ್ಕುಲಿ ಕೊಟ್ಟು ಕಳಿಸಿದೆ. ಈಗ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ರೂಪಾ ಓದಿ ಹೇಳಲಿ, ಕಲಿಸದೆ ಬಿಟ್ಟದ್ದಕ್ಕೆ ಅವಳಿಗೂ ಸ್ವಲ್ಪ ಶಿಕ್ಷೆಯಾದಂತಾಯಿತು.

ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರು ಶ್ರೀಪತಿಯವರಿಗೆ ಅಮೆರಿಕದ ಡೆಟ್ರಾಯ್ಟ್ ಪಕ್ಕದ ವಾರೆನ್ನಿನ ಕಾರು ಕಂಪನಿಯೊಂದರಲ್ಲಿ ಇಂಜಿನಿಯರ್ ಕೆಲಸವಾಯಿತು. ಅವರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಹಿಮ ನೋಡುವುದು ನನ್ನ ಕೆಲಸ. ಮೊದಲ ವಾರ ಚೆನ್ನಾಗಿತ್ತು, ಆಮೇಲೆ ಆ ಬಿಳಿ ನೋಡಿದರೆ ಅಳು ಬರುತ್ತಿತ್ತು. ಒಂದು ದಿನ ಬಟ್ಟೆ ಒಗೆಯುವ ಅಂಗಡಿಯ ಗೋಡೆಯಲ್ಲಿ ಟೈಪಿಸ್ಟ್ ಬೇಕು ಎಂಬ ಚೀಟಿ ಕಂಡಿತು. ವಿಳಾಸ ಪಕ್ಕದ ಅಂಗಡಿಯದೇ. ಒದ್ದೆ ಬಟ್ಟೆಯ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಹೋದೆ.

ಅಲ್ಲಿ ಕೂತಿದ್ದವರು ಡಂಕನ್ ಮೆಕ್‌ನೀಶ್. ಐವತ್ತು ದಾಟಿದ ಆಳು, ಕೆಂಡದಂಥ ಕೆಂಪು ಕೂದಲು. ಸ್ಕಾಟ್ಲೆಂಡಿನ ಹಡಗು ಕಟ್ಟುವ ಊರಿನಲ್ಲಿ ಹುಟ್ಟಿ, ಹರೆಯದಲ್ಲಿ ಡೆಟ್ರಾಯ್ಟಿಗೆ ಬಂದು, ಕಾರ್ಖಾನೆಯಲ್ಲಿ ಅಚ್ಚು ಕೊರೆಯುವ ಕೆಲಸ ಮಾಡಿ, ಕಾರ್ಮಿಕರ ಯೂನಿಯನ್ನಿನಲ್ಲಿ ಮೇಲೆ ಬಂದವರು. ನಾನು ಸೇರುವ ಹೊತ್ತಿಗೆ ರಾಜ್ಯದ ಶಾಸಕರು, ನಮ್ಮ ಕೌಂಟಿಯಲ್ಲಿ ಪಕ್ಷದ ಮುಖಂಡರು. ಯಾವ ಪಕ್ಷ ಎಂದು ಕೇಳಬೇಡಿ. ನಮ್ಮ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಈಗ ಎರಡೂ ಪಕ್ಷದವರು ಇದ್ದಾರೆ, ನನಗೆ ಇಬ್ಬರೂ ಬೇಕು.

ಅವರ ಉಚ್ಚಾರಣೆಗೆ ಹೆದರಿ ಹಿಂದಿನ ಟೈಪಿಸ್ಟುಗಳು ಓಡಿಹೋಗಿದ್ದರಂತೆ. ನಾನು ಮೈಸೂರಿನಲ್ಲಿ ಶಾರ್ಟ್‌ಹ್ಯಾಂಡ್ ಕಲಿತವಳು. ಶಾರ್ಟ್‌ಹ್ಯಾಂಡಿನಲ್ಲಿ ಕಿವಿಗೆ ಬಿದ್ದ ಸದ್ದನ್ನು ಹಾಗೇ ಗೀಚಿಕೊಳ್ಳುವುದು. ಅವರು ಹೇಳಿದ ಪತ್ರವನ್ನು ಹಾಗೇ ಗೀಚಿ ಓದಿ ಹೇಳಿದೆ. ಅವರು ನಗುತ್ತ ಒದ್ದೆ ಬಟ್ಟೆಯ ಬುಟ್ಟಿಯ ಕಡೆ ಬೆರಳು ತೋರಿಸಿ, ಅದನ್ನು ಒಣಗಿಸಿಕೊಂಡು ಬಂದು ಕೆಲಸ ಶುರು ಮಾಡು ಎಂದರು. ಅವರ ಇಂಗ್ಲಿಷನ್ನು ನಾನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಷ್ಟು ವರ್ಷದ ಮೇಲೆ ನನ್ನ ಕಿವಿಗೆ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

ಶಾಸಕರ ಕಚೇರಿ ಎಂದರೆ ದೇಶ ಆಳುವ ಜಾಗ ಎಂದುಕೊಂಡಿದ್ದೆ. ಮೊದಲ ದಿನದ ಮೊದಲ ಫೋನು, ರಸ್ತೆಯಲ್ಲಿ ಸತ್ತು ಬಿದ್ದ ರಕೂನನ್ನು ಯಾರೂ ಎತ್ತುತ್ತಿಲ್ಲ ಎಂಬುದು. ಅದು ನಮ್ಮ ಕೆಲಸವಲ್ಲ ಎಂದು ನಾನು ಸಭ್ಯವಾಗಿ ಹೇಳಿ ಫೋನಿಟ್ಟೆ. ಮೆಕ್‌ನೀಶ್ ಕೇಳಿಸಿಕೊಂಡಿದ್ದರು. ಆ ಹೆಂಗಸು ಇಡೀ ಊರಿನಲ್ಲಿ ಫೋನು ಮಾಡಲು ಆರಿಸಿಕೊಂಡದ್ದು ನಮ್ಮನ್ನು, ಅದು ಸಣ್ಣ ಗೌರವವಲ್ಲ ಎಂದರು. ಆಮೇಲೆ ಹಾರೆ ತೆಗೆದುಕೊಂಡು ತಾವೇ ಹೋದರು. ಅಂದಿನಿಂದ ಕಚೇರಿಯ ನಿಯಮ ಒಂದೇ. ಬೆಳಿಗ್ಗೆ ಬಂದ ದೂರಿಗೆ ಅವತ್ತು ಸಂಜೆಯೊಳಗೆ ಏನಾದರೊಂದು ಉತ್ತರ ಹೋಗಬೇಕು, ಆಗುವುದಿಲ್ಲ ಎಂಬುದಾದರೂ ಸರಿ.

ನನ್ನ ಎಡವಟ್ಟುಗಳಲ್ಲಿ ಒಂದು ಬಹಳ ಪ್ರಸಿದ್ಧವಾಯಿತು. ಬೀದಿದೀಪವಿಲ್ಲ ಎಂದು ಮುದುಕಿಯೊಬ್ಬರು ಬರೆದಿದ್ದರು. ನಾನು ಬೆನ್ನು ಬಿದ್ದು, ದಿನಕ್ಕೊಂದು ಪತ್ರ ಹಾಕಿ, ಕೊನೆಗೂ ದೀಪ ಹಾಕಿಸಿದೆ. ಆಮೇಲೆ ನೋಡಿದರೆ ಆ ಬೀದಿ ನಮ್ಮ ಕ್ಷೇತ್ರದ ಗೆರೆಯಿಂದ ಆಚೆಗಿತ್ತು, ಮತ್ತು ದೀಪ ಬಂದದ್ದು ಎದುರು ಪಕ್ಷದ ಮುಖಂಡನ ಮನೆಯ ಮುಂದೆ. ಆತ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ನಾನೇ ಹಾಕಿಸಿದ್ದು ಎಂದು ಮನೆಮನೆಗೆ ಹಂಚಿದ. ನನಗೆ ಮುಖ ಎತ್ತಲಾಗಲಿಲ್ಲ. ಮೆಕ್‌ನೀಶ್ ಆ ಫೋಟೋವನ್ನು ಚೌಕಟ್ಟು ಹಾಕಿಸಿ ನನ್ನ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಿದರು.

ಆಗ ಮತದಾರರ ಹೆಸರೆಲ್ಲ ಚಿಕ್ಕ ಕಾರ್ಡುಗಳಲ್ಲಿ, ಕಾರ್ಡುಗಳೆಲ್ಲ ಶೂ ಡಬ್ಬಗಳಲ್ಲಿ. ಕಾರ್ಡಿನ ಹಿಂದೆ ಮನೆಯ ಸಂಗತಿ ಬರೆಯುತ್ತಿದ್ದೆವು. ನಾಯಿ ಕಚ್ಚುತ್ತದೆ, ಮಗ ಯುದ್ಧಕ್ಕೆ ಹೋಗಿದ್ದಾನೆ, ಕಾಫಿ ಕೊಡುತ್ತಾರೆ ಆದರೆ ವೋಟು ಕೊಡುವುದಿಲ್ಲ, ಇಂಥವು. ಎಪ್ಪತ್ತರ ದಶಕದ ಮಧ್ಯದಲ್ಲಿ ಕಂಪ್ಯೂಟರಿನ ಉದ್ದುದ್ದ ಹಾಳೆಗಳು ಬಂದವು. ಬೇಕಾದ ಹೆಸರು ಬೇಗ ಸಿಗುತ್ತಿತ್ತು, ನಾಯಿಯ ವಿಚಾರ ಮಾತ್ರ ಹೊರಟುಹೋಯಿತು. ಹೊಸ ಹುಡುಗರು ಕಚ್ಚಿಸಿಕೊಂಡು ಬರುತ್ತಿದ್ದರು.

ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಹಿಮದ ಬೂಟು ಹಾಕಿಕೊಂಡು ನಾನೂ ಬಾಗಿಲು ತಟ್ಟಲು ಹೋಗುತ್ತಿದ್ದೆ. ಹಣೆಯ ಕುಂಕುಮ ನೋಡಿ ಯಾವುದೋ ಹೊಸ ಧರ್ಮ ಮಾರಲು ಬಂದಿದ್ದೇನೆಂದು ಕೆಲವರು ಬಾಗಿಲು ಹಾಕುತ್ತಿದ್ದರು. ಇನ್ನು ಕೆಲವರು ಅದಕ್ಕಿಂತ ಕೆಟ್ಟ ಮಾತಾಡಿ ಹಾಕುತ್ತಿದ್ದರು. ಅಂಥ ದಿನಗಳಲ್ಲಿ ಮೆಕ್‌ನೀಶ್ ಸಮಾಧಾನ ಹೇಳುತ್ತಿರಲಿಲ್ಲ, ಮಧ್ಯಾಹ್ನ ತಮ್ಮ ಡಬ್ಬಿ ತೆಗೆದುಕೊಂಡು ನನ್ನ ಮೇಜಿಗೆ ಬರುತ್ತಿದ್ದರು. ಅವರದು ಉಪ್ಪು ಹಾಕಿದ ಓಟ್ಸ್ ಗಂಜಿ, ನನ್ನದು ಮೊಸರನ್ನ. ಗಂಜಿಗೆ ಸಕ್ಕರೆ ಹಾಕುವ ಈ ದೇಶದಲ್ಲಿ ಉಪ್ಪು ಹಾಕುವವರು ಇಬ್ಬರಾದರೂ ಇದ್ದೇವಲ್ಲ ಎಂಬುದು ಅವರ ಸಂತೋಷ. ಊರಿನದು ಏನು ನೆನಪಾಗುತ್ತದೆ ಎಂದು ನಾನು ಕೇಳಿದರೆ ಕಾರ್ಖಾನೆಯ ಸಿಳ್ಳೆ ಎನ್ನುತ್ತಿದ್ದರು. ನನಗೆ ಬೆಳಿಗ್ಗೆ ಹಾಲಿನವನ ಸೈಕಲ್ ಗಂಟೆ. ಅವರು ತಾಯಿ ಹೋದಾಗ ಒಮ್ಮೆ ಊರಿಗೆ ಹೋಗಿದ್ದರಂತೆ, ಗುರುತು ಹಿಡಿಯುವವರು ಯಾರೂ ಇರಲಿಲ್ಲವಂತೆ. ಇಷ್ಟು ಹೇಳಿ ಡಬ್ಬಿ ಮುಚ್ಚಿಬಿಡುತ್ತಿದ್ದರು. ಆ ಮಧ್ಯಾಹ್ನಗಳಿಗಾಗಿ ನನ್ನ ಜೀವ ಈಗಲೂ ಹಂಬಲಿಸುತ್ತದೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಚುನಾವಣೆಯ ವರ್ಷಗಳಲ್ಲಿ ಮೆಕ್‌ನೀಶ್ ಪ್ರಚಾರಕ್ಕೆಂದು ಬೇರೆ ಅಂಗಡಿ ಬಾಡಿಗೆಗೆ ಹಿಡಿಯುತ್ತಿದ್ದರು, ಅದನ್ನು ಜನವರಿ ಒಂದರ ಬೆಳಿಗ್ಗೆಯೇ ತೆರೆಯುತ್ತಿದ್ದರು. ಅವರ ಊರಿನಲ್ಲಿ ಹೊಸವರ್ಷದ ದಿನ ಮನೆಯ ಹೊಸ್ತಿಲನ್ನು ಯಾರು ಮೊದಲು ದಾಟುತ್ತಾರೋ ಅವರಿಂದ ಇಡೀ ವರ್ಷದ ಅದೃಷ್ಟ ನಿರ್ಧಾರವಾಗುತ್ತದೆ. ದಾಟುವವನು ಕಪ್ಪು ಕೂದಲಿನ ಗಂಡಸಾಗಿರಬೇಕು, ಕೈಯಲ್ಲಿ ಕಲ್ಲಿದ್ದಲು, ಬ್ರೆಡ್ಡು, ಉಪ್ಪು ಇರಬೇಕು. ಹೆಂಗಸು ಮೊದಲು ಕಾಲಿಟ್ಟರೆ ಒಳ್ಳೆಯದಲ್ಲ. ಕೆಂಪು ಕೂದಲಿನವರು ಇಟ್ಟರಂತೂ ಮುಗಿದೇ ಹೋಯಿತು. ನಮ್ಮ ಕಚೇರಿಯ ಕಪ್ಪು ಕೂದಲು ಎಂದರೆ ಸ್ಯಾಲ್. ಶಿಕಾಗೋದಲ್ಲಿ ವಾರ್ಡ್ ಮಟ್ಟದ ರಾಜಕೀಯ ಅರೆದು ಕುಡಿದು ಬಂದ ಇಟಾಲಿಯನ್ ಮೂಲದ ಮನುಷ್ಯ, ಮೆಕ್‌ನೀಶರ ಬಲಗೈ. ಅವನು ಮೊದಲು ಒಳಗೆ ಹೋಗುವುದು, ಉಳಿದವರು ಚಪ್ಪಾಳೆ ತಟ್ಟುತ್ತ ಹಿಂದೆ ಹೋಗುವುದು, ಮೆಕ್‌ನೀಶ್ ಗೆಲ್ಲುವುದು, ಹೀಗೆ ನಡೆದುಕೊಂಡು ಬಂದಿತ್ತು.

ಆ ವರ್ಷ ಸ್ಯಾಲ್ ಕ್ರಿಸ್‌ಮಸ್‌ಗೆ ತಾಯಿಯ ಮನೆಗೆಂದು ಶಿಕಾಗೋಗೆ ಹೋದವನು, ಹಿಮ ಬಿದ್ದು ಹೈವೇ ಮುಚ್ಚಿ ಅಲ್ಲೇ ಸಿಕ್ಕಿಬಿದ್ದ. ಪಕ್ಕದ ಡೋನಟ್ ಅಂಗಡಿಗೆ ಫೋನು ಮಾಡಿ, ನಾನಿಲ್ಲದೆ ತೆರೆಯಿರಿ ಎಂದ. ನಾವು ಹತ್ತು ಹದಿನೈದು ಜನ ಬಾಗಿಲ ಹೊರಗೆ ನಿಂತಿದ್ದೆವು. ಮೆಕ್‌ನೀಶ್ ಎಲ್ಲರ ಟೋಪಿಗಳ ಕೆಳಗಿನ ಕೂದಲ ಕಡೆ ಒಂದು ಸಲ ನೋಡಿದರು. ಹೊಂಬಣ್ಣ, ನರೆ, ಬೋಳು. ಕಪ್ಪು ಎಂದರೆ ನನ್ನದೊಂದೇ ಜಡೆ. ಹೆಂಗಸಾದರೂ ಪರವಾಗಿಲ್ಲ ಎಂದು ಕಲ್ಲಿದ್ದಲ ಪೊಟ್ಟಣವನ್ನು ನನ್ನ ಕೈಗೆ ಕೊಡಲು ಬಂದರು. ನಾನು ಹಿಂದಕ್ಕೆ ಸರಿದೆ.

ಸರಿದದ್ದಕ್ಕೆ ಕಾರಣವಿತ್ತು. ಮದುವೆಯಾಗಿ ಮೈಸೂರಿನ ಅತ್ತೆಯ ಮನೆಗೆ ಕಾಲಿಟ್ಟ ತಿಂಗಳೊಳಗೆ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡರು. ಅತ್ತೆ ನನ್ನನ್ನು ಬೈಯಲಿಲ್ಲ. ನಾನು ಕಾಫಿ ತಂದು ಕೊಡುತ್ತಿರುವಾಗಲೇ ಪಕ್ಕದ ಮನೆಯವರಿಗೆ, "ಹುಡ್ಗಿ ಒಳ್ಳೆಯವ್ಳೇ ಕಣ್ರೀ, ಕಾಲ್ಗುಣ ಸರಿಯಿಲ್ಲ ಅಷ್ಟೆ" ಎಂದರು. ಮುಂದಿನ ವರ್ಷವೇ ಅವರ ಮಗನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿತು. ಅದು ನನ್ನ ಕಾಲ್ಗುಣವಲ್ಲ, ಅವರ ಮಗನ ಬುದ್ಧಿವಂತಿಕೆ. ಅಂದಿನಿಂದ ಯಾರ ಹೊಸ ಮನೆಗೆ ಹೋದರೂ, ಯಾರ ಕೂಸು ನೋಡಲು ಹೋದರೂ ನಾನು ಎಲ್ಲರ ಹಿಂದೆ. ವಾರೆನ್ನಿನ ನಮ್ಮದೇ ಅಪಾರ್ಟ್‌ಮೆಂಟಿಗೂ ಯಜಮಾನರು ಒಳಗೆ ಹೋಗಿ ದೀಪ ಹಾಕಿದ ಮೇಲೆ ಹೋಗಿದ್ದೆ. ಒಂದು ಸಲವಾದರೂ ಯಾರಾದರೂ ನೀನೇ ಮೊದಲು ಬಾ ಎನ್ನಲಿ ಎಂಬ ಆಸೆ ನನ್ನ ಮನಸ್ಸಿನ ಮೂಲೆಯಲ್ಲಿ ಸದಾ ಇತ್ತು. ಈಗ ಕರೆಯುತ್ತಿದ್ದರು, ಕಾಲು ಏಳುತ್ತಿರಲಿಲ್ಲ.

ಚಳಿಯಲ್ಲಿ ನಿಂತೇ ಇಷ್ಟನ್ನೂ ನಾಲ್ಕು ಮಾತಿನಲ್ಲಿ ಅವರಿಗೆ ಹೇಳಿದೆ. ಅವರು ಟೋಪಿ ತೆಗೆದು ತಮ್ಮ ಕೆಂಪು ಕೂದಲು ತೋರಿಸಿದರು.

"ಹೊಸವರ್ಷದ ದಿನ ಬೀದಿ ಮಕ್ಕಳೆಲ್ಲ ಮನೆ ಮನೆಗೆ ಓಡೋರು. ನನ್ನ ಮಾತ್ರ ನಮ್ಮಮ್ಮ ಕಾಲರ್ ಹಿಡ್ಕೊಂಡು ನಿಲ್ಸೋಳು. ಇವನು ಹೋದ್ರೆ ಅವರ ಮನೆ ಹಾಳಾಗುತ್ತೆ ಅಂತ. ಹೋಗಮ್ಮ, ನೀನಾದ್ರೂ ಹೋಗು."

ಬಲಗಾಲಿಟ್ಟು ಹೋದೆ. ಕಲ್ಲಿದ್ದಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಹಿಂದೆ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಕಣ್ಣು ಮಂಜಾಗಿ ಯಾರ ಮುಖವೂ ಕಾಣಲಿಲ್ಲ.

ಆ ವರ್ಷ ಅವರು ಸೋತರು.

ಯಾಕೆ ಸೋತರು ಎಂಬುದು ಇಡೀ ಕೌಂಟಿಗೆ ಗೊತ್ತಿತ್ತು. ಡೆಟ್ರಾಯ್ಟ್ ನಗರದ ಕಪ್ಪು ಮಕ್ಕಳು ಮತ್ತು ಹೊರವಲಯದ ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಓದುವಂತೆ ಬಸ್ಸಿನಲ್ಲಿ ಆಚೀಚೆ ಕಳಿಸಬೇಕೆಂಬ ವಿಚಾರ ಕೋರ್ಟಿನಲ್ಲಿತ್ತು, ನಮ್ಮ ಕಡೆಯ ತಂದೆತಾಯಿಗಳು ಕೆರಳಿ ಕೆಂಡವಾಗಿದ್ದರು. ಬಾಯಿ ಬಿಡಬೇಡಿ ಎಂದು ಪಕ್ಷದ ದೊಡ್ಡವರು ರಾಜ್ಯದ ರಾಜಧಾನಿ ಲ್ಯಾನ್ಸಿಂಗಿನಿಂದ ಫೋನು ಮಾಡುತ್ತಲೇ ಇದ್ದರು. ಶಾಲೆಯೊಂದರ ಸಭೆಯಲ್ಲಿ ಯಾರೋ ನೇರವಾಗಿ ಕೇಳಿಬಿಟ್ಟರು. ಮೆಕ್‌ನೀಶ್ ಎದ್ದು ನಿಂತು, ನಮ್ಮೂರಿನಲ್ಲೂ ಈ ಚರ್ಚಿನ ಮಕ್ಕಳು ಆ ಚರ್ಚಿನ ಮಕ್ಕಳ ಜೊತೆ ಓದಬಾರದು ಎನ್ನುತ್ತಿದ್ದರು, ಅದರಿಂದ ಬೆಳೆದದ್ದು ಜಗಳ ಮಾತ್ರ, ಇಲ್ಲಿನ ಮಕ್ಕಳು ಒಟ್ಟಿಗೆ ಕೂತು ಓದಲಿ ಎಂದರು. ಜನ ಕೂಗಿ ಕೂರಿಸಿದರು. ಮಾರನೆಯ ದಿನದಿಂದ ನಾನು ತಟ್ಟಿದ ಬಾಗಿಲುಗಳು ತೆರೆಯುವುದೇ ಕಡಿಮೆಯಾಯಿತು.

ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ನನ್ನ ಮನಸ್ಸು ಹೇಳಿದ್ದು ಒಂದೇ, ಮಾವನವರು ಹೋದರು, ಈಗ ಇವರು ಸೋತರು. ಯಜಮಾನರ ಹತ್ತಿರ ಹೇಳಿಕೊಂಡೆ. ಅವರು ಇಂಜಿನಿಯರು. "ನಿನ್ ಕಾಲಿಗೂ ಬ್ಯಾಲೆಟ್ ಪೆಟ್ಟಿಗೆಗೂ ಏನೇ ಕನೆಕ್ಷನ್ನು?" ಎಂದು ನಕ್ಕು ಪೇಪರು ಓದತೊಡಗಿದರು. ಕನೆಕ್ಷನ್ ಇಲ್ಲ ಎಂಬುದು ನನಗೂ ಗೊತ್ತಿತ್ತು, ಗೊತ್ತಿದ್ದೂ ಒಳಗೆ ಚುಚ್ಚುವುದು ನಿಲ್ಲಲಿಲ್ಲ.

ಶಾಸಕ ಸ್ಥಾನ ಹೋದರೂ ಪಕ್ಷದ ಮುಖಂಡತನ ಉಳಿಯಿತು, ಯಾಕೆಂದರೆ ಸೋತ ಪಕ್ಷದ ಕುರ್ಚಿ ಬೇರೆ ಯಾರಿಗೂ ಬೇಕಿರಲಿಲ್ಲ. ಕೆಲಸ ಸಣ್ಣ ಕೋಣೆಯೊಂದರಲ್ಲಿ ಮುಂದುವರಿಯಿತು. ಅಧಿಕಾರವಿಲ್ಲದಿದ್ದರೂ ಜನ ರಕೂನಿಗೆಲ್ಲ ನಮಗೇ ಫೋನು ಮಾಡುತ್ತಿದ್ದರು.

ಆ ಮಧ್ಯೆ ರಜೆ ಹಾಕಿ ಮೈಸೂರಿಗೆ ಹೋದೆವು. ಮೈದುನ ಸರಸ್ವತೀಪುರಂನಲ್ಲಿ ಮನೆ ಕಟ್ಟಿಸಿದ್ದ, ಅದರ ಗೃಹಪ್ರವೇಶ. ಹಿರಿಯ ಸೊಸೆ ನಾನು. ಹೊಸ ರೇಷ್ಮೆ ಸೀರೆ ತೆಗೆದಿಟ್ಟುಕೊಂಡು, ಕಲಶ ಹಿಡಿದು ಹೋಗುವವರಲ್ಲಿ ನಾನೂ ಇರುತ್ತೇನೆ ಎಂದುಕೊಂಡಿದ್ದೆ. ಹಿಂದಿನ ದಿನ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಸವರಿ, "ಮುಹೂರ್ತ ಬೆಳಗಿನ ಜಾವಕ್ಕಿದೆ. ಅಷ್ಟ್ ದೂರದಿಂದ ಬಂದು ಸುಸ್ತಾಗಿದೀಯ. ನೀನು ಊಟದ ಹೊತ್ತಿಗೆ ಬಂದ್ರೆ ಸಾಕು ಕಣಮ್ಮ" ಎಂದರು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟದ ಹೊತ್ತಿಗೆ ಹೋದೆ. ನನ್ನ ಎಲೆಗೆ ತಾವೇ ಎರಡೆರಡು ಹೋಳಿಗೆ ಬಡಿಸಿದರು.

ವಾಪಸು ಬಂದಾಗ ಮೆಕ್‌ನೀಶ್ ಮತ್ತೆ ಚುನಾವಣೆಗೆ ನಿಲ್ಲುವುದೆಂದು ತೀರ್ಮಾನವಾಗಿತ್ತು. ಯಜಮಾನರ ಕೆಲಸ ಬದಲಾಗಿ ನಾವು ವಿಕ್ಸಮ್‌ಗೆ ಮನೆ ಬದಲಿಸಿದ್ದೆವು, ವಾರೆನ್ನಿಗೆ ಮೂವತ್ತು ಮೈಲಿ ಡ್ರೈವ್. ಜನವರಿ ಒಂದರ ಬೆಳಿಗ್ಗೆ ಎಂಟಕ್ಕೆ ಹೊಸ ಕಚೇರಿ ತೆರೆಯುವುದು ಎಂದು ಎಲ್ಲರಿಗೂ ಹೇಳಿದ್ದರು. ಸ್ಯಾಲ್ ಈ ಸಲ ಊರಿನಲ್ಲೇ ಇದ್ದಾನೆ ಎಂದು ಮೊದಲೇ ವಿಚಾರಿಸಿಕೊಂಡಿದ್ದೆ. ಅವನು ಒಳಗೆ ಹೋಗಲಿ, ಎಲ್ಲ ಮುಗಿಯಲಿ, ಆಮೇಲೆ ಹೋದರಾಯಿತು ಎಂದು ಬೇಕೆಂತಲೇ ತಡಮಾಡಿದೆ. ಕಾಫಿ ಕುಡಿದೆ, ಮತ್ತೊಮ್ಮೆ ಕುಡಿದೆ, ಒಗ್ಗರಣೆ ಡಬ್ಬಿ ತೊಳೆದೆ. ಹೊರಟಾಗ ಒಂಬತ್ತಾಗಿತ್ತು.

ಅಂಗಡಿಯ ಮುಂದೆ ಕಾರು ನಿಲ್ಲಿಸಿದರೆ ಎಲ್ಲರೂ ಹೊರಗೇ ನಿಂತಿದ್ದರು. ಪ್ರಚಾರದ ಕೆಲಸಕ್ಕೆ ಬರುವ ಅಜ್ಜಿಯರು ಕಂಬಳಿ ಸುತ್ತಿಕೊಂಡಿದ್ದರು. ಸ್ಯಾಲ್ ಕಾಲು ಕುಟ್ಟುತ್ತಿದ್ದ. ಬಾಗಿಲು ಮುಚ್ಚಿತ್ತು. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಬಾಯಿ ತೆಗೆದರೆ ಹಲ್ಲು ನೋಯುತ್ತಿತ್ತು. ಬೀಗದ ಕೈ ಕಳೆದಿದೆ ಎಂದುಕೊಂಡು ಓಡಿಹೋಗಿ ಏನಾಯಿತು ಎಂದು ಕೇಳಿದೆ.

"ಏನೂ ಆಗಿಲ್ಲ, ನೀನು ಬಂದಿರ್ಲಿಲ್ಲ" ಎಂದರು ಮೆಕ್‌ನೀಶ್.

ಸ್ಯಾಲ್ ಇದ್ದಾನಲ್ಲ ಎಂದೆ. ಹೋದ ಸಲ ನಾನು ಹೋಗಿ ನೀವು ಸೋತಿರಲ್ಲ ಎಂದೆ. ಅಷ್ಟು ಜನರ ಮುಂದೆ ಆ ಮಾತು ಹೇಗೆ ಬಾಯಿಗೆ ಬಂತೋ ತಿಳಿಯದು.

"ಹೋದ ಸಲ ಸೋತದ್ದು ನಾನು. ಒಳಗೆ ಹೋದದ್ದು ನೀನು. ಅದು ಬೇರೆ, ಇದು ಬೇರೆ" ಎಂದು ಕಲ್ಲಿದ್ದಲ ಪೊಟ್ಟಣ ನನ್ನ ಕೈಯಲ್ಲಿಟ್ಟರು. "ಬೇಗ ಹೋಗಿ ಹೀಟರ್ ಹಾಕಮ್ಮ. ಸ್ಯಾಲ್ ಕಿವಿ ಉದುರಿಹೋಗೋ ಹಾಗಿದೆ."

ನನಗಾಗಿ ಒಂದು ಬಾಗಿಲು ಒಂದೂವರೆ ಗಂಟೆಗೂ ಹೆಚ್ಚು ಕಾದಿತ್ತು. ನನಗೆ ಅಳು ಬಂತು. ಅಳುತ್ತಲೇ ಒಳಗೆ ಹೋದೆ, ಅಳುತ್ತಲೇ ಹೀಟರ್ ಹಾಕಿದೆ.

ಅನನ್ಯ, ಆ ಸಲ ಗೆದ್ದರಾ ಎಂದು ನೀನು ಕೇಳುತ್ತೀಯ. ಗೆಲ್ಲಲಿಲ್ಲ. ಹಿಂದಿನದಕ್ಕಿಂತ ಕಡಿಮೆ ಅಂತರದಲ್ಲಿ ಸೋತರು, ಅಷ್ಟೆ. ಮಾರನೆಯ ಬೆಳಿಗ್ಗೆ ನಾನು ಅವರ ಮುಖ ನೋಡಲು ಹೆದರುತ್ತ ಹೋದೆ. ಅವರು ಗಂಜಿಯ ಡಬ್ಬಿ ಹಿಡಿದು ನನ್ನ ಮೇಜಿನ ಬಳಿ ಕೂತು, ಇವತ್ತು ಯಾರಿಗೆಲ್ಲ ಉತ್ತರ ಹೋಗಬೇಕು ಎಂದು ಕೇಳಿದರು. ಎರಡು ವರ್ಷ ಕಳೆದು ಮತ್ತೆ ನಿಂತರು. ಆಗಲೂ ಗೆಲ್ಲಲಿಲ್ಲ, ಆಮೇಲೆ ಹೃದಯದ ಕಾಯಿಲೆ ಬಂದು ನಿಲ್ಲುವುದನ್ನೇ ಬಿಟ್ಟರು. ಅವರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಅತ್ತೆಯೂ ಹೋದರು, ಯಜಮಾನರೂ ಹೋದರು. ಮೈಸೂರಿನ ಆ ಮನೆಯಲ್ಲಿ ನನ್ನನ್ನು ಕೊನೆಯವರೆಗೂ ಯಾರೂ ಮೊದಲು ಕರೆಯಲಿಲ್ಲ. ಅದರ ನೋವು ಇಲ್ಲ ಎಂದರೆ ಸುಳ್ಳಾಗುತ್ತದೆ.

ಆದರೆ ಆ ಕೊನೆಯ ಚುನಾವಣೆಯ ಜನವರಿ ಒಂದು ನನ್ನದು. ಅವತ್ತು ತಲೆಗೆ ಸ್ನಾನ ಮಾಡಿ, ಗೃಹಪ್ರವೇಶಕ್ಕೆಂದು ತೆಗೆದ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಕೋಟು ಹಾಕಿ, ಇನ್ನೂ ಬೆಳಕು ಹರಿಯುವ ಮೊದಲೇ ವಿಕ್ಸಮ್ ಬಿಟ್ಟೆ. ಯಜಮಾನರು ಹಾಸಿಗೆಯಿಂದಲೇ, ಎಂಟಕ್ಕಲ್ಲವೇನೇ ಎಂದರು. ಹೌದು ಎಂದೆ. ವಾರೆನ್ ತಲುಪಿದಾಗ ಯಾರೂ ಬಂದಿರಲಿಲ್ಲ. ಬೀಗದ ಕೈ ಮೆಕ್‌ನೀಶರ ಬಳಿ ಇತ್ತು. ಕಾರಿನಲ್ಲಿ ಬೆಚ್ಚಗೆ ಕೂರಬಹುದಿತ್ತು, ಕೂರಲಿಲ್ಲ. ಹೊಸ್ತಿಲಿಗೆ ಕಾಲು ತಾಗುವಷ್ಟು ಹತ್ತಿರ ಹೋಗಿ, ಅವರ ಹಳೆಯ ನೀಲಿ ಕಾರು ತಿರುಗುವ ಮೂಲೆಯ ಕಡೆ ನೋಡುತ್ತ ನಿಂತೆ.